ಒಂದೇ ಬಾಗಿಲಿನ ದ್ರಾಕ್ಷಿ

ಬೇಡಿಕೆ ಹೆಚ್ಚಾದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಪೂರೈಕೆ ಹೆಚ್ಚುತ್ತದೆ, ಪೂರೈಕೆ ಹೆಚ್ಚಿದರೆ ಬೆಲೆ ಇಳಿಯುತ್ತದೆ. ಸಮಾಜವಿಜ್ಞಾನ ಕಲಿಸುವ ನಾನು ಈ ಮೂರು ವಾಕ್ಯಗಳನ್ನು ಎಷ್ಟು ಸಲ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಮೇಲಿನಿಂದ ಕೆಳಗೆ ಒಂದು ಗೆರೆ, ಕೆಳಗಿನಿಂದ ಮೇಲೆ ಒಂದು ಗೆರೆ, ಅವೆರಡೂ ಕೂಡುವಲ್ಲಿ ಒಂದು ಚುಕ್ಕೆ. ಅಲ್ಲಿಗೆ ಪಾಠ ಮುಗಿಯಿತು. ಉದಾಹರಣೆಗೆ ಟೊಮೆಟೊ ಇದೆ, ಉಳ್ಳಾಗಡ್ಡಿ ಇದೆ. ಈ ಸಲ ಉಳ್ಳಾಗಡ್ಡಿ ಬೆಲೆ ಬಿದ್ದರೆ ಮುಂದಿನ ಸಲ ರೈತ ಆ ಹೊಲದಲ್ಲಿ ತೊಗರಿ ಹಾಕುತ್ತಾನೆ, ಮನೆಯಲ್ಲಿ ನಾಲ್ಕು ದಿನ ಬೇಸರ, ಆಮೇಲೆ ಮತ್ತೆ ನೇಗಿಲು. ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅರ್ಧಕ್ಕರ್ಧ ಮಕ್ಕಳು ರೈತರ ಮನೆಯವರೇ.

ಆದರೆ ಈ ಹಲಗೆಯ ಮೇಲೆ ಸುಲಭಕ್ಕೆ ಕೂರದ ಬೆಳೆಯೊಂದಿದೆ. ಅದು ದ್ರಾಕ್ಷಿ. ಅದರಲ್ಲೂ ವೈನ್ ಮಾಡುವ ದ್ರಾಕ್ಷಿ.

ವೈನ್ ಎಂದ ಕೂಡಲೇ ಓದುವ ನಿಮ್ಮಲ್ಲಿ ಕೆಲವರಾದರೂ ಹುಬ್ಬು ಏರಿಸಿರಬೇಕು. ಶಾಲೆಯ ಅಕ್ಕೋರಿಗೆ ಇದೇಕೆ ಬೇಕಿತ್ತು ಎಂದು. ನಾನು ಆ ಪದಾರ್ಥವನ್ನು ಮುಟ್ಟಿದವಳಲ್ಲ. ನಮ್ಮೂರಿನಲ್ಲಿ ‘ವೈನ್ಸ್’ ಎಂಬ ಫಲಕ ಹಾಕಿಕೊಂಡ ಅಂಗಡಿಗಳಿಗೇನೂ ಕಡಿಮೆಯಿಲ್ಲ. ಆದರೆ ಅಲ್ಲಿ ವೈನ್ ಒಂದನ್ನು ಬಿಟ್ಟು ಉಳಿದದ್ದೇ ಹೆಚ್ಚು ಮಾರಾಟವಾಗುತ್ತದೆ ಎಂದು ಕೇಳಿದ್ದೇನೆ. ನನಗೆ ಈ ವಿಷಯ ಹತ್ತಿರವಾದದ್ದು ಬಾಟಲಿಯ ಕಡೆಯಿಂದಲ್ಲ, ಬಳ್ಳಿಯ ಕಡೆಯಿಂದ. ನಮ್ಮದು ವಿಜಯಪುರ. ತಿಕೋಟಾ ಕಡೆಯ ಒಂದು ಹಳ್ಳಿಯಲ್ಲಿ ನನ್ನ ದೊಡ್ಡಪ್ಪನ ಮಗನ ದ್ರಾಕ್ಷಿ ಪಡ ಇದೆ. ಅಣ್ಣ, ವೈನಿ ಇಬ್ಬರೂ ಆ ಪಡದಲ್ಲಿಯೇ ಮುಪ್ಪಾಗುತ್ತಿದ್ದಾರೆ.

ದ್ರಾಕ್ಷಿಯನ್ನು ನಾವು ಪೇಟೆಯ ಹೆಂಗಸರು ತಳ್ಳುಗಾಡಿಯ ಮೇಲೆ ನೋಡುತ್ತೇವೆ. ಫೆಬ್ರುವರಿ, ಮಾರ್ಚಿನಲ್ಲಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಹುಳಿ ಎಂದು ಮುಖ ಕಿವುಚಿ, ಹತ್ತು ರೂಪಾಯಿ ಇಳಿಸಿ ತರುತ್ತೇವೆ. ನಾವು ತಿನ್ನುವುದು ಬೀಜವಿಲ್ಲದ, ತೆಳು ಸಿಪ್ಪೆಯ, ಉದ್ದ ಕಾಯಿಯ ಜಾತಿ. ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಮಕ್ಕಳು ಮೊಮ್ಮಕ್ಕಳಾದ ತಾಸ್-ಎ-ಗಣೇಶ, ಸೋನಾಕಾ ಮುಂತಾದವು. ಈ ಜಾತಿಗೆ ಎರಡು ಬಾಗಿಲು. ಪೇಟೆಯಲ್ಲಿ ಬೆಲೆ ಇದ್ದರೆ ಹಣ್ಣಾಗಿಯೇ ಮಾರಬಹುದು. ಇಲ್ಲದಿದ್ದರೆ ಶೆಡ್ಡಿನ ಬಲೆಗಳ ಮೇಲೆ ನೆರಳಿನಲ್ಲಿ ಹದಿನೈದು ದಿನ ಒಣಗಿಸಿ ಮಣೂಕ ಮಾಡಬಹುದು. ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಮಣೂಕ. ಅದನ್ನೂ ಮಾರಲು ಮನಸ್ಸಾಗದಿದ್ದರೆ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಕಾಯಬಹುದು. ಬೆಲೆ ಬಿದ್ದ ವರ್ಷ ರೈತನ ಕೈಯಲ್ಲಿ ಉಳಿಯುವುದು ಈ ಕಾಯುವ ಶಕ್ತಿಯೊಂದೇ.

ವೈನಿನ ದ್ರಾಕ್ಷಿ ಬೇರೆ. ಶಿರಾಜ್, ಕ್ಯಾಬರ್ನೆ ಸಾವಿನ್ಯೋಂ, ಶೆನಿನ್ ಬ್ಲಾಂಕ್. ಹೆಸರು ಹೇಳುವಾಗಲೇ ನಾಲಿಗೆ ತೊಡಕುತ್ತದೆ. ಕಾಯಿ ನೇರಳೆ ಹಣ್ಣಿಗಿಂತ ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಎರಡು ಮೂರು ಬೀಜ. ಸಿಹಿಯೇನೋ ನಮ್ಮ ತಿನ್ನುವ ದ್ರಾಕ್ಷಿಗಿಂತ ಹೆಚ್ಚು. ಆದರೆ ಬಾಯಿತುಂಬ ಸಿಪ್ಪೆ, ಬೀಜ. ತಿನ್ನಲು ಯಾರೂ ಕೊಳ್ಳುವುದಿಲ್ಲ. ಒಣಗಿಸಿದರೆ ಬೀಜವಿರುವ ಮಣೂಕವನ್ನು ಅಡತಿ ಅಂಗಡಿಯವನು ಕೈಯಲ್ಲಿ ಹಿಡಿದು ನೋಡುವುದೂ ಇಲ್ಲ. ಅದಕ್ಕಿರುವುದು ಒಂದೇ ಬಾಗಿಲು, ವೈನರಿಯ ಬಾಗಿಲು. ಅದು ಒಳಗಿನಿಂದ ಮುಚ್ಚಿಕೊಂಡರೆ ಬಳ್ಳಿಯ ಮೇಲಿರುವುದು ಹಣ್ಣಲ್ಲ, ಬರೀ ಭಾರ. ಇಡೀ ಜಗತ್ತಿನ ದ್ರಾಕ್ಷಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವೈನಿಗೆ ಹೋದರೆ ನಮ್ಮ ದೇಶದಲ್ಲಿ ನೂರು ಕಿಲೋಗೆ ಹೋಗುವುದು ಒಂದೆರಡು ಕಿಲೋ ಮಾತ್ರ. ಕೊಳ್ಳುವವರು ಕೆಲವರೇ, ಅವರಲ್ಲೊಬ್ಬ ಕೈಬಿಟ್ಟರೆ ಇನ್ನೊಬ್ಬನನ್ನು ಹುಡುಕುವುದು ಎಲ್ಲಿ?

ಹಾಗಾದರೆ ನಮ್ಮ ಅಣ್ಣ ಅದನ್ನು ಹಚ್ಚಿದ್ದೇಕೆ? ಹಚ್ಚಲು ಕಾರಣಗಳಿದ್ದವು, ಆ ಹೊತ್ತಿಗೆ ಒಳ್ಳೆಯ ಕಾರಣಗಳೇ. ಮಹಾರಾಷ್ಟ್ರ ಸರ್ಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಗೆಂದು ನೀತಿಯೊಂದನ್ನು ತಂದು ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತ್ತು. ನಾಸಿಕದ ವಿಂಚೂರಿನಲ್ಲಿ, ಸಾಂಗ್ಲಿಯ ಪಲುಸಿನಲ್ಲಿ ವೈನ್ ಪಾರ್ಕುಗಳಾದವು. ಕೆಲವೇ ವರ್ಷಗಳಲ್ಲಿ ಹತ್ತಾರು ವೈನರಿಗಳೆದ್ದವು. ಮುಂಬಯಿ, ಪುಣೆ, ಬೆಂಗಳೂರು, ಗೋವಾದ ಹೋಟೆಲುಗಳಲ್ಲಿ ವೈನ್ ಕುಡಿಯುವುದು ಹೊಸ ನಾಗರಿಕತೆಯಾಯಿತು. ಬೇಡಿಕೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು, ಹಣ್ಣು ಸಾಲುತ್ತಿರಲಿಲ್ಲ. ಗಡಿಯಾಚೆಯ ನೆಂಟರು ಕರಾರು ಬರೆದುಕೊಟ್ಟು, ‘ಪೇಟೆಗೆ ಹೋಗೋ ತಾಪತ್ರಯ ಇಲ್ಲ, ಲಾರಿ ಹೊಲಕ್ಕ ಬರ್ತೈತಿ’ ಎನ್ನುತ್ತಿದ್ದರು. ನಮ್ಮ ಕರ್ನಾಟಕವೂ 2007ರಲ್ಲಿ ತನ್ನದೇ ವೈನ್ ನೀತಿ ತಂದಿತು, ಮಂಡಳಿಯನ್ನೂ ಮಾಡಿತು. ನಂದಿ ಬೆಟ್ಟದ ತಪ್ಪಲಲ್ಲಿ ಇದು ಮೊದಲೇ ಇತ್ತು, ಇನ್ನು ಕೃಷ್ಣೆಯ ಸೀಮೆಗೂ ಕಾಲ ಬಂತು ಎಂದರು. ನಮ್ಮ ಜಿಲ್ಲೆಗೆ ವೈನ್ ಪಾರ್ಕ್ ಬರುತ್ತದೆ ಎಂಬ ಮಾತು ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಓಡಾಡಿತು.

ಅದೇ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಈ ಎರಡನ್ನೂ ಒಟ್ಟಿಗೆ ಯಾರೂ ನೆನೆಯುವುದಿಲ್ಲ. ಒಂದು ಕೈಯಿಂದ ಸಾರಾಯಿ ಅಂಗಡಿ ಮುಚ್ಚಿದ ಸರ್ಕಾರವೇ ಇನ್ನೊಂದು ಕೈಯಿಂದ ವೈನಿಗೆ ಸೊಪ್ಪು ಹಾಕಿತು. ನಮ್ಮ ವೈನಿ ಮಾತ್ರ ಇದನ್ನು ಆಗಲೇ ಹಿಡಿದಿದ್ದಳು. ಅವಳ ತವರಿನಲ್ಲಿ ಕುಡಿತದಿಂದ ಮನೆಯೊಂದು ಮುರಿದದ್ದನ್ನು ಕಂಡವಳು. ನಾನು ಊರಿಗೆ ಹೋದಾಗ ರೊಟ್ಟಿ ಬಡಿಯುತ್ತಲೇ ಹೇಳಿದಳು: ‘ಅಕ್ಕೋರ, ನೀವರ ಹೇಳ್ರಿ ನಿಮ್ಮಣ್ಣಗ. ಸೆರೆ ಅಂಗಡಿ ಮುಚ್ಚಸಾಕ ನಾವು ಹೆಣ್ಣಮಕ್ಕಳು ಬೀದಿಗಿ ಬಂದ್ವಿ. ಈಗ ನಮ್ಮ ಹೊಲದಾಗ ನಾವ ಅದರ ಬಳ್ಳಿ ಹಚ್ಚೂದೇನು?’ (ನಾನು ಅವಳಿಗಿಂತ ಚಿಕ್ಕವಳು. ಆದರೂ ಶಾಲೆಯ ಕೆಲಸಕ್ಕೆ ಸೇರಿದ ದಿನದಿಂದ ಅವಳ ಬಾಯಲ್ಲಿ ‘ಅಕ್ಕೋರ’ ಆಗಿಬಿಟ್ಟಿದ್ದೇನೆ.)

ಅಣ್ಣ ನಕ್ಕ. ‘ಅದು ದೊಡ್ಡ ಮಂದಿ ಕುಡಿಯೂದು. ಕುಡುದು ಯಾರೂ ಹೇಣ್ತಿಗಿ ಬಡಿಯಂಗಿಲ್ಲ.’

‘ದೊಡ್ಡ ಮಂದಿ ಬಡಿದರ ಸಪ್ಪಳ ಹೊರಗ ಬರಂಗಿಲ್ಲ, ಅಷ್ಟ,’ ಎಂದಳು ವೈನಿ.

ಕರಾರಿನ ಕಾಗದವನ್ನು ಅಣ್ಣ ನನಗೆ ತೋರಿಸಿದ್ದು ಸಹಿ ಮಾಡಿದ ಮೇಲೆ. ಗುಣಮಟ್ಟ ಒಪ್ಪಿಗೆಯಾದರೆ ಇಂತಿಷ್ಟು ಬೆಲೆಗೆ ಕೊಳ್ಳಲಾಗುವುದು ಎಂದಿತ್ತು. ಬೆಳೆದದ್ದನ್ನೆಲ್ಲ ಕೊಳ್ಳಲೇಬೇಕು ಎಂದು ಎಲ್ಲಿಯೂ ಇರಲಿಲ್ಲ. ಅದನ್ನು ಬೆರಳಿಟ್ಟು ತೋರಿಸಿದೆ. ‘ಅವರಿಗೇ ಹಣ್ಣು ಸಾಲಂಗಿಲ್ಲ, ಬ್ಯಾಡ ಯಾಕಂತಾರ?’ ಎಂದ. ಆ ದಿನದ ಮಟ್ಟಿಗೆ ಅವನ ಮಾತು ಸರಿಯೇ ಇತ್ತು.

ದ್ರಾಕ್ಷಿಯ ಕಷ್ಟ ಶುರುವಾಗುವುದು ಇಲ್ಲಿಂದ. ಟೊಮೆಟೊ ಮೂರು ತಿಂಗಳ ಮಾತು. ದ್ರಾಕ್ಷಿ ಹಾಗಲ್ಲ. 2008ರ ಮೊದಲಿಗೆ ಎರಡು ಎಕರೆಗೆ ಡಾಗ್‌ರಿಜ್ ಎಂಬ ಕಾಡುಜಾತಿಯ ಬೇರುಸಸಿ ನೆಟ್ಟರು. ಅದು ಬೇರು ಬಿಟ್ಟು ಗಟ್ಟಿಯಾದ ಮೇಲೆ ಸೆಪ್ಟೆಂಬರಿನಲ್ಲಿ ಶಿರಾಜ್ ಕಡ್ಡಿಯ ಕಸಿ ಕಟ್ಟಿಸಿದರು. ಕಬ್ಬಿಣದ ಆಂಗಲ್, ತಂತಿ, ಹನಿ ನೀರಾವರಿ ಪೈಪು, ಕೊಳವೆಬಾವಿ. ಎಲ್ಲಕ್ಕೂ ಸಾಲ. ಬ್ಯಾಂಕಿನದು ಸಾಲದೆ ವೈನಿಯ ಬೋರಮಾಳ ಅಡವಿಗೆ ಹೋಯಿತು. ಮೊದಲ ಫಸಲಿಗೆ ಎರಡು ವರ್ಷ, ಪೂರ್ತಿ ಫಸಲಿಗೆ ಮೂರು. ಅಷ್ಟು ದಿನ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಔಷಧಿ, ಆಳುಗಳ ಕೂಲಿ ಎಲ್ಲವೂ ನಡೆಯಲೇಬೇಕು. ಅಂದರೆ 2007ರ ಬೇಡಿಕೆಯನ್ನು ನೋಡಿ ನೆಟ್ಟ ಬಳ್ಳಿ ಹಣ್ಣು ಕೊಡುವುದು 2010ರ, 2011ರ ಪೇಟೆಗೆ. ಆಗ ಆ ಪೇಟೆ ಹೇಗಿರುತ್ತದೆ ಎಂದು ಹೇಳಬಲ್ಲ ಪಂಚಾಂಗ ಯಾರ ಮನೆಯಲ್ಲಿಯೂ ಇಲ್ಲ.

ಬಿ.ಎ.ಯಲ್ಲಿ ನಮಗೆ ‘ಜೇಡರಬಲೆ ಸಿದ್ಧಾಂತ’ ಎಂಬುದೊಂದು ಪಾಠವಿತ್ತು. ಕಾಲ್ಡೋರ್ ಎಂಬ ಅರ್ಥಶಾಸ್ತ್ರಜ್ಞ 1934ರಲ್ಲಿ ಇಟ್ಟ ಹೆಸರು. ಇಂದಿನ ಬೆಲೆ ನೋಡಿ ನಾಳೆಯ ಬೆಳೆ ಹಾಕುವವರ ಕಥೆ. ಎಲ್ಲರೂ ಒಂದೇ ಬೆಲೆ ನೋಡಿ ಒಂದೇ ಬೆಳೆ ಹಾಕುತ್ತಾರೆ, ಎಲ್ಲರ ಫಸಲೂ ಒಟ್ಟಿಗೆ ಬರುತ್ತದೆ, ಬೆಲೆ ಕುಸಿಯುತ್ತದೆ, ಎಲ್ಲರೂ ಕಿತ್ತುಹಾಕುತ್ತಾರೆ, ಮತ್ತೆ ಅಭಾವ. ಚಿತ್ರ ಬರೆದರೆ ಗೆರೆಗಳು ಸುತ್ತಿ ಸುತ್ತಿ ಜೇಡನ ಬಲೆಯಂತೆ ಕಾಣುತ್ತವೆ. ಪರೀಕ್ಷೆಗೆ ಅದನ್ನು ಅಂದವಾಗಿ ಬರೆದು ಅಂಕ ಪಡೆದಿದ್ದೆ. ಬಲೆಯ ಚಿತ್ರದಲ್ಲಿ ನೊಣವನ್ನು ಬರೆಯುವುದಿಲ್ಲ ಎಂಬುದು ಆಗ ತೋಚಿರಲಿಲ್ಲ.

ಕಸಿ ಕಟ್ಟಿ ಎರಡು ತಿಂಗಳಾಗಿತ್ತು. 2008ರ ನವೆಂಬರ್ 26ರಂದು ಮುಂಬಯಿ ಮೇಲೆ ದಾಳಿ ನಡೆಯಿತು. ನಾವೆಲ್ಲ ಮೂರು ದಿನ ಟಿ.ವಿ. ಮುಂದೆ ಕುಳಿತು ಹೊಗೆಯಾಡುವ ಹೋಟೆಲನ್ನು ನೋಡಿದೆವು. ಸತ್ತವರಿಗಾಗಿ ಮರುಗಿದೆವು. ಆ ಹೊಗೆಗೂ ತಿಕೋಟಾದ ಕೆಂಪು ಮಣ್ಣಿನ ಎರಡು ಎಕರೆಗೂ ಏನಾದರೂ ಸಂಬಂಧವಿದೆ ಎಂದು ಯಾರಿಗೆ ಹೊಳೆದೀತು? ಅದೇ ಹೊತ್ತಿಗೆ ಜಗತ್ತಿನ ತುಂಬ ಆರ್ಥಿಕ ಹಿಂಜರಿತ. ವಿದೇಶದ ಪ್ರವಾಸಿಗಳು ಬರುವುದು ನಿಂತಿತು, ದೊಡ್ಡ ಹೋಟೆಲುಗಳ ಕೋಣೆಗಳು ಖಾಲಿಯಾದವು. ವೈನ್ ಹೆಚ್ಚಾಗಿ ಖರ್ಚಾಗುತ್ತಿದ್ದುದೇ ಅಲ್ಲಿ. ವೈನರಿಗಳ ತೊಟ್ಟಿಗಳಲ್ಲಿ ಹಿಂದಿನ ವರ್ಷದ್ದೇ ತುಂಬಿಕೊಂಡಿತ್ತು. ತೊಟ್ಟಿ ತುಂಬಿರುವಾಗ ಹೊಸ ಹಣ್ಣು ತಂದು ಹಾಕುವುದು ಎಲ್ಲಿ? 2009, 2010ರಲ್ಲಿ ನಾಸಿಕ ಕಡೆಯ ರೈತರು ವೈನ್ ಬಳ್ಳಿಗಳನ್ನು ಬುಡಕ್ಕೇ ಕಡಿಯತೊಡಗಿದರು. ನಮ್ಮಲ್ಲಿ ಬಳ್ಳಿ ಇನ್ನೂ ತಂತಿ ಹತ್ತುತ್ತಿತ್ತು.

2010ರ ಮೊದಲ ಫಸಲನ್ನು ಕಂಪನಿ ಅರ್ಧ ಒಯ್ದಿತು, ದುಡ್ಡು ಕಂತಿನಲ್ಲಿ ಬಂತು, ಕೊನೆಯ ಕಂತು ಬರಲೇ ಇಲ್ಲ. ಮರುವರ್ಷ ಪೂರ್ತಿ ಫಸಲು. ಕಂಪನಿಯ ಹುಡುಗ ಡಿಸೆಂಬರಿನಲ್ಲಿ ಬಂದು ಎಕರೆಗೆ ನಾಲ್ಕೈದು ಟನ್ನಿಗಿಂತ ಹೆಚ್ಚು ಬಿಡಬೇಡಿ, ರಸ ತೆಳುವಾಗುತ್ತದೆ ಎಂದು ಹಸಿ ಗೊನೆಗಳನ್ನು ಕತ್ತರಿಸಿ ಚೆಲ್ಲಿಸಿದ್ದ. ಕತ್ತರಿ ಹಿಡಿದ ಹೆಣ್ಣಾಳುಗಳೇ ‘ಪಾಪ ಬರ್ತೈತಿ’ ಎಂದು ಗೊಣಗಿದ್ದರಂತೆ. ಉಳಿದ ಗೊನೆಗಳು ಮಾತ್ರ ಕಪ್ಪಗೆ, ಮೇಲೆ ಬೂದಿ ಬಳಿದಂತೆ, ನೋಡಲು ಎರಡು ಕಣ್ಣು ಸಾಲದು. ಫೆಬ್ರುವರಿ ಕೊನೆಗೆ ಸಕ್ಕರೆಯ ಅಂಶ ಇಪ್ಪತ್ತಮೂರಕ್ಕೆ ಬಂತು. ಆ ಹದದಲ್ಲಿ ಕೀಳದಿದ್ದರೆ ಹುಳಿ ಹೋಗುತ್ತದೆ, ಕಾಯಿ ಬಾಡುತ್ತದೆ. ಅಣ್ಣ ದಿನಕ್ಕೆ ನಾಲ್ಕು ಸಲ ಫೋನು ಮಾಡಿದ. ಮೊದಲು ‘ನಾಳೆ’ ಎಂದರು, ಆಮೇಲೆ ‘ನೋಡೋಣ’ ಎಂದರು, ಆಮೇಲೆ ಫೋನು ಎತ್ತುವುದನ್ನೇ ಬಿಟ್ಟರು. ಲಾರಿ ಬರಲಿಲ್ಲ.

ನಾನು ಆ ಭಾನುವಾರ ಹೋಗಿದ್ದೆ. ಪಡದೊಳಗೆ ಕಾಲಿಟ್ಟರೆ ಜೇನುನೊಣಗಳ ಗುಂಯ್ ಎಂಬ ಸದ್ದು, ಹಕ್ಕಿಗಳ ಸಂತೆ. ವೈನಿ ಒಂದು ಹಳೆಯ ತಗಡಿನ ಡಬ್ಬಿ ಬಡಿಯುತ್ತ ಸಾಲಿನಿಂದ ಸಾಲಿಗೆ ಓಡಾಡುತ್ತಿದ್ದಳು. ಕೊಳ್ಳುವವರಿಲ್ಲದ ಹಣ್ಣನ್ನು ಯಾಕೆ ಕಾಯುತ್ತೀ ಎಂದು ನಾನು ಕೇಳಲಿಲ್ಲ. ಅವಳಾಗಿಯೇ ಹೇಳಿದಳು: ‘ಬ್ಯಾಡ ಅಂದಿದ್ದೆ ಖರೆ. ಹಚ್ಚಿದ ಮ್ಯಾಲ ನಂದ ಆತಲ್ರಿ.’

ಏನೇನು ಮಾಡಿ ನೋಡಿದರು ಎನ್ನುತ್ತೀರಿ! ಹತ್ತು ಕ್ರೇಟ್ ಹಣ್ಣನ್ನು ವಿಜಯಪುರದ ಪೇಟೆಗೆ ತಂದರು. ಗಿರಾಕಿಗಳು ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಬೀಜ ಉಗುಳಿ ಮುಂದೆ ಹೋದರು. ಶೆಡ್ಡಿನಲ್ಲಿ ಒಣಗಿಸಿದರು, ಅದು ಕರಿ ಗೋಲಿಯಂತಾಯಿತು. ಯಾರೋ ಸಂಬಂಧಿಕರು ‘ನೀವೇ ವೈನ್ ಮಾಡಿಬಿಡ್ರಿ’ ಎಂದು ಸಲಹೆ ಕೊಟ್ಟರು. ಪರವಾನಗಿ ಇಲ್ಲದೆ ಮಾಡಿದರೆ ಅಬಕಾರಿಯವರು ಬಂದು ಅಣ್ಣನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ತನ್ನ ಹೊಲದ ಹಣ್ಣನ್ನು ಅದು ಯಾವುದಕ್ಕಾಗಿ ಹುಟ್ಟಿದೆಯೋ ಅದನ್ನಾಗಿ ಮಾಡುವ ಹಕ್ಕು ಬೆಳೆದವನಿಗೇ ಇಲ್ಲ. ವೈನಿ ಹಿಂಡಿ, ಸೋಸಿ, ಸಕ್ಕರೆ ಹಾಕಿ ಶರಬತ್ತು ಮಾಡಿದಳು. ಬಣ್ಣವೆಂದರೆ ಬಣ್ಣ! ಒಂದು ಕ್ಯಾನು ನನ್ನ ಕೈಗೂ ಕೊಟ್ಟಳು. ಮರುದಿನ ಶಾಲೆಗೆ ಒಯ್ದೆ. ಇದು ವೈನ್ ದ್ರಾಕ್ಷಿಯ ರಸ ಎಂದದ್ದೇ ತಡ, ಲೋಟ ಹಿಡಿದಿದ್ದ ಸಹೋದ್ಯೋಗಿಯೊಬ್ಬರು ಅದನ್ನು ಮೇಜಿನ ಮೇಲಿಟ್ಟು ಸೆರಗಿನಿಂದ ಕೈ ಒರೆಸಿಕೊಂಡರು. ಹುಳಿ ಬಂದಿರಲಿಲ್ಲ, ನಿನ್ನೆ ಹಿಂಡಿದ ರಸ. ಕೊನೆಗೆ ನಾನು, ನಮ್ಮ ಜವಾನ ಇಬ್ಬರೇ ಕುಡಿದೆವು. ಅವನು ಎರಡನೆಯ ಲೋಟ ಕೇಳಿದ್ದನ್ನು ಶಾಲೆಯಲ್ಲಿ ಬಹಳ ದಿನ ಹೇಳಿಕೊಂಡು ನಕ್ಕರು.

ಉಳಿದದ್ದನ್ನು ಕುರಿಗಳು ತಿಂದವು.

ಆ ಏಪ್ರಿಲಿನಲ್ಲಿ ಅಣ್ಣ ಶಿರಾಜನ್ನು ಬುಡದಿಂದ ಒಂದು ಗೇಣು ಮೇಲೆ ಗರಗಸದಿಂದ ಕೊಯ್ಯಿಸಿದ. ದ್ರಾಕ್ಷಿಯಲ್ಲಿ ಒಂದು ಉಪಕಾರವಿದೆ. ಬೇರು ಕಾಡುಜಾತಿಯದಾದ್ದರಿಂದ ಅದರ ಮೇಲೆ ಮತ್ತೊಂದು ಜಾತಿಯನ್ನು ಕಸಿ ಮಾಡಬಹುದು. ಬೇರು, ತಂತಿ, ಪೈಪು ಉಳಿಯುತ್ತವೆ. ಹೋಗುವುದು ವರ್ಷಗಳು. ಆ ಬೇರಿನ ಮೇಲೆ ಥಾಮ್ಸನ್ ಕಸಿ ಕಟ್ಟಿ, 2013ಕ್ಕೆ ಮಣೂಕ ಮಾಡಿದರು. ಹಚ್ಚಿದ ದಿನದಿಂದ ಲೆಕ್ಕ ಹಾಕಿದರೆ ಐದು ವರ್ಷದ ಬಡ್ಡಿ. ಬೋರಮಾಳ ಬಿಡಿಸಿಕೊಂಡದ್ದು ಅದಕ್ಕೂ ಎರಡು ವರ್ಷ ತಡವಾಗಿ.

ಇದು ನಮ್ಮ ದೇಶದ ಬಡತನ, ನಮ್ಮ ಅವ್ಯವಸ್ಥೆ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಓದುತ್ತಾ ಹೋದರೆ ವೈನಿನ ತವರುಮನೆಗಳಲ್ಲಿಯೂ ಇದೇ ಗೋಳು. ಅಮೆರಿಕದ ಕ್ಯಾಲಿಫೋರ್ನಿಯಾವನ್ನೇ ನೋಡಿ. 1991ರ ನವೆಂಬರಿನಲ್ಲಿ ಅಲ್ಲಿಯ ‘ಸಿಕ್ಸ್‌ಟಿ ಮಿನಿಟ್ಸ್’ ಎಂಬ ಟಿ.ವಿ. ಕಾರ್ಯಕ್ರಮದಲ್ಲಿ, ಫ್ರಾನ್ಸಿನವರು ಅಷ್ಟೊಂದು ಬೆಣ್ಣೆ ತಿಂದರೂ ಅವರಿಗೆ ಹೃದ್ರೋಗ ಕಡಿಮೆ, ಅದಕ್ಕೆ ಕೆಂಪು ವೈನ್ ಕಾರಣವಿರಬಹುದು ಎಂದು ತೋರಿಸಿದರು. ಅಮೆರಿಕದಲ್ಲಿ ಕೆಂಪು ವೈನಿನ ಮಾರಾಟ ಏಕಾಏಕಿ ಏರಿತು. ಕಂಡ ಕಂಡಲ್ಲಿ ಬಳ್ಳಿ ನೆಟ್ಟರು. ನೆಟ್ಟದ್ದೆಲ್ಲ ಹಣ್ಣಾಗುವ ಹೊತ್ತಿಗೆ, 2000ದ ಆಚೀಚೆ, ಕೊಳ್ಳುವವರಿಲ್ಲದಷ್ಟು ವೈನ್. 2002ರಲ್ಲಿ ಚಾರ್ಲ್ಸ್ ಶಾ ಎಂಬ ಹೆಸರಿನ ಬಾಟಲಿ ಎರಡು ಡಾಲರಿಗೂ ಒಂದು ಸೆಂಟು ಕಡಿಮೆಗೆ ಮಾರಾಟವಾಯಿತು. 2004ರಲ್ಲಿ ‘ಸೈಡ್‌ವೇಸ್’ ಎಂಬ ಸಿನಿಮಾ ಬಂತು. ಅದರ ನಾಯಕನಿಗೆ ಮೆರ್ಲೋ ವೈನ್ ಕಂಡರಾಗದು, ಪಿನೋ ನ್ವಾರ್ ಎಂದರೆ ಪ್ರಾಣ. ಸರಿ, ಜನ ಮೆರ್ಲೋ ಬಿಡತೊಡಗಿದರು, ಪಿನೋ ನ್ವಾರ್ ಕೇಳತೊಡಗಿದರು. ನಾವು ಸಿನಿಮಾ ನೋಡಿ ರವಿಕೆಯ ತೋಳಿನ ಅಳತೆ ಬದಲಿಸುತ್ತೇವಲ್ಲ, ಹಾಗೆ. ಆದರೆ ತೋಳನ್ನು ದರ್ಜಿ ಒಂದು ಗಂಟೆಯಲ್ಲಿ ಬಿಚ್ಚಿ ಹೊಲಿಯುತ್ತಾನೆ. ಇಪ್ಪತ್ತು ವರ್ಷ ಬಾಳುವ ಬಳ್ಳಿಯನ್ನು?

ಆಸ್ಟ್ರೇಲಿಯಾದವರು ಚೀನಾವನ್ನು ನಂಬಿ ಕೆಂಪು ದ್ರಾಕ್ಷಿ ಬೆಳೆದಿದ್ದರು. ಎರಡು ಸರ್ಕಾರಗಳ ನಡುವೆ ಮನಸ್ತಾಪ ಬಂದು, 2020ರ ನವೆಂಬರಿನಿಂದ ಚೀನಾ ಅವರ ವೈನಿನ ಮೇಲೆ ಸುಂಕ ಹೇರಿತು. ಅದು ನೂರಕ್ಕೆ 218ರವರೆಗೂ ಹೋಯಿತು. ಸುಂಕ ತೆಗೆದದ್ದು 2024ರ ಮಾರ್ಚ್ ಕೊನೆಗೆ. ಅಷ್ಟರಲ್ಲಿ ಆ ದೇಶದ ತೊಟ್ಟಿಗಳಲ್ಲಿ 200 ಕೋಟಿ ಲೀಟರಿಗೂ ಹೆಚ್ಚು ವೈನ್ ಕೂತಿತ್ತು ಎಂದು ಅಂದಾಜು. ಮುಂಬಯಿಯ ಹೋಟೆಲಿಗೂ ತಿಕೋಟಾದ ಹೊಲಕ್ಕೂ ಇದ್ದಂಥ ನಂಟೇ ಇದು.

ಇನ್ನು ಫ್ರಾನ್ಸ್. ಅರವತ್ತರ ದಶಕದಲ್ಲಿ ಅಲ್ಲಿ ತಲೆಗೆ ವರ್ಷಕ್ಕೆ ನೂರು ಲೀಟರಿಗೂ ಹೆಚ್ಚು ವೈನ್ ಕುಡಿಯುತ್ತಿದ್ದರಂತೆ. ಈಗ ಅದರ ಅರ್ಧವೂ ಇಲ್ಲ. ಮಕ್ಕಳು ಅಪ್ಪಂದಿರಂತೆ ಕುಡಿಯುತ್ತಿಲ್ಲ. 2023ರಲ್ಲಿ ಅಲ್ಲಿಯ ಸರ್ಕಾರ 20 ಕೋಟಿ ಯೂರೋ ಖರ್ಚು ಮಾಡಿ, ಮಾರಾಟವಾಗದ ವೈನನ್ನು ಭಟ್ಟಿ ಇಳಿಸಿ ಸ್ಪಿರಿಟ್ ಮಾಡಿಸಿತು. ಕೈ ತೊಳೆಯುವ ಸ್ಯಾನಿಟೈಸರಿಗೆ, ಸುಗಂಧ ದ್ರವ್ಯಕ್ಕೆ. ಮರುವರ್ಷ ಬಳ್ಳಿ ಕಿತ್ತುಹಾಕುವವರಿಗೆ ಹೆಕ್ಟೇರಿಗೆ 4,000 ಯೂರೋ ಕೊಡುತ್ತೇವೆ ಎಂದಿತು. ಸುಮಾರು 27 ಸಾವಿರ ಹೆಕ್ಟೇರ್ ಕೀಳಲು ಅರ್ಜಿಗಳು ಬಂದವು. ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ವೈನರಿಗಳಿಗೆ ಹೋದ ದ್ರಾಕ್ಷಿ ಇಪ್ಪತ್ತು ವರ್ಷಗಳಲ್ಲೇ ಕಡಿಮೆ. ಕೀಳುವ ಕೂಲಿಯೂ ಹುಟ್ಟದೆ ಬಳ್ಳಿಯಲ್ಲೇ ಬಿಟ್ಟವರು ಎಷ್ಟೋ ಜನ. ಅದೇ 2024ರಲ್ಲಿ ಇಡೀ ಜಗತ್ತು ಕುಡಿದ ವೈನ್ ಸುಮಾರು 2,140 ಕೋಟಿ ಲೀಟರ್. ಅಷ್ಟು ಕಡಿಮೆಯಾದದ್ದು 1961ರ ನಂತರ ಅದೇ ಮೊದಲು.

ಈ ಅಂಕಿಗಳನ್ನು ಓದುವಾಗ ನನ್ನ ಮನಸ್ಸು ಎರಡಾಗುತ್ತದೆ. ಕುಡಿತ ಕಡಿಮೆಯಾಯಿತು ಎಂದರೆ ನಾನು ಸಂತೋಷಪಡಬೇಕಾದವಳು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ, ಆಲ್ಕೊಹಾಲು ಎಷ್ಟು ಕಡಿಮೆ ಕುಡಿದರೂ ಅಪಾಯವಿಲ್ಲ ಎನ್ನುವಂತಿಲ್ಲ ಎಂದು ಹೇಳಿತು. 1991ರ ಟಿ.ವಿ. ಮಾತು ಕೇಳಿ ಬಳ್ಳಿ ನೆಟ್ಟವರು ಈ ಮಾತು ಕೇಳಿ ಏನು ಮಾಡಬೇಕು? 2022ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ದಿನಸಿಯ ದೊಡ್ಡ ಅಂಗಡಿಗಳಲ್ಲಿ ವೈನ್ ಮಾರಬಹುದು, ಇದರಿಂದ ರೈತನಿಗೆ ಲಾಭ ಎಂದಾಗ ನನಗೆ ಸಿಟ್ಟೇ ಬಂದಿತ್ತು. ಅಕ್ಕಿ ಬೇಳೆಯ ಪಕ್ಕದಲ್ಲಿ ಬಾಟಲಿ ಇಡಲು ರೈತನ ಹೆಸರು ಯಾಕೆ ಬೇಕು? ವಿರೋಧ ಬಂದು ಅದು ನಿಂತದ್ದು ಒಳ್ಳೆಯದೇ ಆಯಿತು. ಆದರೂ ತಗಡಿನ ಡಬ್ಬಿ ಬಡಿಯುತ್ತ ಓಡಾಡುತ್ತಿದ್ದ ವೈನಿಯ ಮುಖ ಕಣ್ಣಮುಂದೆ ಬರುತ್ತದೆ. ಕುಡಿಯದವಳು, ಕುಡಿಯುವುದನ್ನು ದ್ವೇಷಿಸುವವಳು, ಕುಡಿಯುವವರು ಕುಡಿಯಲಿಲ್ಲವೆಂದು ಒಡವೆ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದಳು. ಇದನ್ನು ಯಾವ ಕಡೆಗೆ ಸೇರಿಸಿ ಲೆಕ್ಕ ಹಾಕುವುದೋ ನನಗೆ ಇಂದಿಗೂ ಬಗೆಹರಿದಿಲ್ಲ.

ಬೆಂಗಳೂರಿನ ಕಡೆಯವರ ಜಾಣತನವನ್ನು ಇಲ್ಲಿ ಹೇಳಬೇಕು. ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರದ ಬೆಂಗಳೂರು ಬ್ಲೂ ದ್ರಾಕ್ಷಿ ನಿಮಗೆ ಗೊತ್ತಿರಬಹುದು. ಬೀಜವಿರುವ, ಕಡುನೀಲಿಯ, ಮೂಗಿಗೆ ಘಮ್ಮೆನ್ನುವ ಹಣ್ಣು. ಮೇಲುವರ್ಗದ ವೈನಿಗೆ ಅದು ಆಗದು ಎಂದು ಬಲ್ಲವರು ಮೂಗು ಮುರಿಯುತ್ತಾರೆ. ಆದರೆ ಅದನ್ನು ಬೀಜ ಉಗುಳಿಕೊಂಡೇ ತಿನ್ನುವ ಜನರಿದ್ದಾರೆ, ರಸ ಮಾಡುವವರಿದ್ದಾರೆ, ಸಿಹಿ ಪೋರ್ಟ್ ವೈನ್ ಮಾಡುವವರೂ ಇದ್ದಾರೆ. ಮೂರು ಬಾಗಿಲು. ಹಾಗೆಂದು ಅವರಿಗೆ ಕಷ್ಟವಿಲ್ಲ ಎಂದಲ್ಲ. 2020ರ ಲಾಕ್‌ಡೌನಿನಲ್ಲಿ ಮೂರೂ ಬಾಗಿಲು ಒಟ್ಟಿಗೆ ಮುಚ್ಚಿ, ಕಿತ್ತ ಹಣ್ಣನ್ನು ತಿಪ್ಪೆಗೆ ಸುರಿದ ರೈತರ ಚಿತ್ರಗಳು ಬಂದವು. ಆದರೆ ಮೂರು ಬಾಗಿಲೂ ಒಟ್ಟಿಗೆ ಮುಚ್ಚಲು ಅಂಥದೊಂದು ಮಾರಿ ಬೇಕಾಯಿತು. ಒಂದು ಬಾಗಿಲು ಮುಚ್ಚಲು ಎತ್ತದ ಒಂದು ಫೋನು ಸಾಕು.

ಉಳಿದುಕೊಂಡ ದೊಡ್ಡ ವೈನರಿಗಳು ಈಗ ರೈತರ ಜೊತೆ ಹಲವು ವರ್ಷಗಳ ಕರಾರು ಮಾಡಿಕೊಳ್ಳುತ್ತವೆ, ತಮ್ಮ ತೊಟ್ಟಿಯ ಅಳತೆ ನೋಡಿಯೇ ಬಳ್ಳಿ ಹಚ್ಚಿಸುತ್ತವೆ. ಕೆಲವರಿಗೆ ಅದು ಒಳ್ಳೆಯ ಜೀವನವನ್ನೇ ಕೊಟ್ಟಿದೆ ಎಂಬುದನ್ನೂ ಹೇಳಬೇಕು. ಅಣ್ಣನ ಹತ್ತಿರವೂ ಮೊನ್ನೆ ಯಾರೋ ಒಬ್ಬ ಹುಡುಗ ಹೊಸ ಕಾಗದ ಹಿಡಿದುಕೊಂಡು ಬಂದಿದ್ದನಂತೆ. ಅಣ್ಣ ಚಹಾ ಕೊಟ್ಟು ಕಳಿಸಿದ. ಮಣೂಕದ ಬೆಲೆಯೇನೂ ನಿಂತಲ್ಲಿ ನಿಲ್ಲುವುದಿಲ್ಲ. ಆದರೆ ಬೆಲೆ ಬಿದ್ದ ವರ್ಷ ಚೀಲಗಳನ್ನು ಕೋಲ್ಡ್ ಸ್ಟೋರೇಜಿಗೆ ಹಾಕಿ, ಚೀಟಿಯನ್ನು ದೇವರ ಜಗಲಿಯ ಮೇಲಿಟ್ಟು ಸುಮ್ಮನಾಗುತ್ತಾರೆ.

ಫ್ರಾನ್ಸಿನಲ್ಲಿ ಬಳ್ಳಿ ಕೀಳಲು ಸರ್ಕಾರವೇ ದುಡ್ಡು ಕೊಡುತ್ತದೆ ಎಂದು ನಾನು ಅವರಿಗೆ ಹೇಳಿದ್ದು ಹೋದ ದೀಪಾವಳಿಗೆ. ವೈನಿ ನಂಬಲಿಲ್ಲ. ಎಕರೆಗೆ ಎಷ್ಟಾಗುತ್ತದೆ ಎಂದಳು. ಲೆಕ್ಕ ಹಾಕಿ, ನಮ್ಮ ದುಡ್ಡಿನಲ್ಲಿ ಒಂದೂವರೆ ಲಕ್ಷದ ಆಚೀಚೆ ಎಂದೆ.

‘ಕೀಳಾಕ?’

‘ಹೂಂ, ಕೀಳಾಕ.’

‘ಹಚ್ಚಾಕ ಎಷ್ಟು ಕೊಟ್ಟಿದ್ರಂತ ಕೇಳ್ರಿ,’ ಎಂದು ಹೇಳಿ, ಮಣೂಕದ ಕಡ್ಡಿ ಆರಿಸಲು ಬಂದ ಹೆಣ್ಣಾಳುಗಳ ಕಡೆಗೆ ಎದ್ದು ಹೋದಳು.